ಎಲುಬಿನ ಕಾಲೇಜಿನ ಒಬ್ಬಳೇ ರೋಗಿ

ಆ ದಿನ ಬೆಳಿಗ್ಗೆ ಮಂಜು ಬಿದ್ದಿತ್ತು. ಕಾಲುವೆ ಬರುವ ಮುಂಚೆ ಈ ಸೀಮೆಯವರಿಗೆ ಮಂಜು ಗೊತ್ತಿರಲಿಲ್ಲ. ಚಳಿ ಗೊತ್ತಿತ್ತು, ಅದು ಒಣ ಚಳಿ, ತುಟಿಯನ್ನೂ ಹಿಮ್ಮಡಿಯನ್ನೂ ಒಡೆಸಿ ತನ್ನ ಪಾಡಿಗೆ ಹೋಗುತ್ತಿತ್ತು. ನೀರು ಬಂದ ಮೇಲೆ ಜೋಳದ ಹೊಲಗಳು ಭತ್ತದ ಗದ್ದೆಗಳಾದವು, ಗದ್ದೆಗಳ ಬೆನ್ನಿಗೇ ಸೊಳ್ಳೆ ಬಂತು, ಸೊಳ್ಳೆಯ ಬೆನ್ನಿಗೆ ಡಾಕ್ಟರರು ಬಂದರು, ಪುಷ್ಯ ಮಾಸದಲ್ಲಿ ಈ ಬಿಳಿ ಹೊಗೆಯೂ ಬರತೊಡಗಿತು. ಭೀಮರಾಯನಗುಡಿಯ ಹಳೆಯ ಕ್ಯಾಂಪಿನಲ್ಲಿ, ಎಂಜಿನಿಯರುಗಳು ಬಿಟ್ಟುಹೋದ ಸಾಲುಮನೆಯೊಂದರ ಬಾಗಿಲಲ್ಲಿ ನಿಂತು ಡಾಕ್ಟರ್ ಅಮಾತೆಪ್ಪ ತನ್ನ ಬಲಗೈಯನ್ನು ಮುಂದಕ್ಕೆ ಚಾಚಿದ. ಮೊಣಕೈಯವರೆಗೆ ಕಂಡಿತು, ಅಂಗೈ ಮಂಜಿನಲ್ಲಿ ಕರಗಿಹೋಗಿತ್ತು. ಕೈ ಇಲ್ಲದ ಮನುಷ್ಯನಾಗಿ ಒಂದು ಗಳಿಗೆ ನಿಂತದ್ದರಲ್ಲಿ ಅವನಿಗೆ ವಿಚಿತ್ರವಾದ ನೆಮ್ಮದಿ ಸಿಕ್ಕಿತು. ಯಾಕೆಂದರೆ ಇವತ್ತು ಊಟದ ಹೊತ್ತಿಗೆ ಮುಂಚೆ, ದಿಲ್ಲಿಯಿಂದ ಬರುವ ತಪಾಸಣೆಯವರ ಎದುರಿಗೆ, ಅವನು ಜೀವಂತ ಮನುಷ್ಯರೊಬ್ಬರ ಮೈ ಮೇಲೆ ಈ ಕೈಯನ್ನು ಇಡಬೇಕಾಗಿತ್ತು. ಇಟ್ಟರೆ ಕಾಲೇಜಿಗೆ ಮಾನ್ಯತೆ, ಅವನ ನೌಕರಿ ಕಾಯಂ. ಇಡದಿದ್ದರೆ ಕಾಲೇಜಿಗೆ ಬೀಗ. ಅವನೂ ಅವನ ತಾಯಿಯೂ ಮತ್ತೆ ಊರ ಹೊರಗಿನ ಕೇರಿಗೆ.

"ಯಾಕೋ ಅಮಾತಿ, ಬಾಗಲಾಗ ನಿಂತುಬಿಟ್ಟಿ? ಮಂಜು ಕುಡದ್ರ ಹೊಟ್ಟಿ ತುಂಬ್ತದೇನು?" ಒಲೆಯ ಮುಂದಿನಿಂದ ತಾಯಿ ತಿಮ್ಮವ್ವ ಕೂಗಿದಳು.

"ಬಂದೆ ಬೇ."

"ಇವತ್ತ ಯಾರೋ ಬರ್ತಾರಂತಲ್ಲ ನಿಮ್ಮ ಸಾಲಿಗಿ?"

"ದಿಲ್ಲಿಯಿಂದ ಬರಾಕತ್ಯಾರ. ಕಾಲೇಜು ಬರೋಬ್ಬರಿ ನಡದದೋ ಇಲ್ಲೋ ನೋಡಾಕ."

"ನಡದದೇನು ಬರೋಬ್ಬರಿ?"

ಅಮಾತೆಪ್ಪ ನಕ್ಕ. "ನಗಬ್ಯಾಡ," ಎಂದಳು ಅವಳು ರೊಟ್ಟಿ ತಿರುವುತ್ತ. "ಕೇಳಿದ್ದಕ್ಕ ನಗಾಂವ ಸುಳ್ಳು ಹೇಳಾಕ ತಯಾರಾಗ್ಯಾನ ಅಂತನ ಅರ್ಥ." ಗೋಡೆಯ ಮೇಲೆ ಬುದ್ಧನ ಪಟವಿತ್ತು, ಗೂಡಿನಲ್ಲಿ ಎಲ್ಲಮ್ಮನ ಬೆಳ್ಳಿಯ ಕಣ್ಣುಗಳಿದ್ದವು, ಇಬ್ಬರಿಗೂ ಅವಳು ಒಂದೇ ಊದಿನಕಡ್ಡಿಯನ್ನು ಮುರಿದು ಅರ್ಧರ್ಧ ಹಚ್ಚುತ್ತಿದ್ದಳು. ದೇವರುಗಳು ಈ ವಿಷಯದಲ್ಲಿ ತಕರಾರು ತೆಗೆದದ್ದು ಅವನಿಗೆ ಗೊತ್ತಿರಲಿಲ್ಲ. ತಕರಾರೆಲ್ಲ ಮನುಷ್ಯರದು.

ಮುಟ್ಟುವುದೇ ಅವನು ಕಲಿಸುತ್ತಿದ್ದ ವಿದ್ಯೆ. ಸೂಜಿ ಗುಳಿಗೆಗಳಿಗಿಂತ ಮೊದಲು ಎಲುಬು, ಕೀಲು, ನರಗಳನ್ನು ಕೈಯಿಂದಲೇ ಹುಡುಕಿ, ಒತ್ತಿ, ಸಡಿಲಿಸಿ ಮೈಯನ್ನು ಅದರ ದಾರಿಗೆ ತರುವ ವೈದ್ಯ. ಆಸ್ಟಿಯೋಪಥಿ ಎಂದು ಕಮಾನಿನ ಮೇಲೆ ಬರೆದಿತ್ತು. ಅದರ ಕೆಳಗೆ 'ಸೇವೆ ಕಾಣದ ಜನರ ಸೇವೆಗಾಗಿ' ಎಂದು. ಶಹಾಪುರದವರು ಸುಲಭವಾಗಿ ಎಲುಬಿನ ಕಾಲೇಜು ಅನ್ನುತ್ತಿದ್ದರು. ಅದನ್ನು ಕಟ್ಟಿದ ಖಂಡಪ್ಪ ಸಾಹುಕಾರರು ಮೊದಲು ಕಾಲುವೆಯ ಗುತ್ತಿಗೆದಾರರು. ಅವರು ಕಟ್ಟಿದ ಕಾಲುವೆ ಮೊದಲ ವರ್ಷವೇ ಮೈ ಬಿರಿದು, ನೀರು ಹೊಲಕ್ಕೆ ಹೋಗುವುದನ್ನು ಬಿಟ್ಟು ಹಳ್ಳಕ್ಕೆ ಹೋಯಿತು. ಬಿರುಕು ಮುಚ್ಚುವ ಗುತ್ತಿಗೆಯೂ ಅವರಿಗೇ ಸಿಕ್ಕಿತು. ಹೀಗೆ ಒಡೆಯುವುದರಿಂದಲೂ ಕೂಡಿಸುವುದರಿಂದಲೂ ಬೆಳೆದ ಮನುಷ್ಯನಿಗೆ ಕೊನೆಗೆ ಎಲುಬಿನ ಮೇಲೆ ಮನಸ್ಸಾದದ್ದರಲ್ಲಿ ಆಶ್ಚರ್ಯವೇನಿಲ್ಲ. ಯಾವುದೋ ಸಂಘದವರ ಜೊತೆ ಅಮೆರಿಕಕ್ಕೆ ಹೋದಾಗ ಅಲ್ಲಿ ಇಂಥ ಕಾಲೇಜು ನೋಡಿದರಂತೆ, ಬಡವರೂರುಗಳಿಗೆಂದೇ ಡಾಕ್ಟರುಗಳನ್ನು ತಯಾರಿಸುತ್ತಾರಂತೆ. "ಬಡವ್ರೂರಿಗಿ ನಮ್ಮಲ್ಲೇನು ಬರಗಾಲ?" ಎಂದು ಹಿಂದಿರುಗಿದವರೇ ಜಮೀನು ನೋಡಿದರು. ಇಂದಿಗೂ ಅವರ ಬಾಯಲ್ಲಿ ಅದು 'ಆಸ್ತಿಪತಿ' ಕಾಲೇಜು. ಸೇವೆ ಕಾಣದ ಜನರ ಸೇವೆಗೆಂದು ದೂರದೂರದ ಪಟ್ಟಣಗಳಿಂದ ಮಕ್ಕಳು ದೊಡ್ಡ ಫೀ ಕಟ್ಟಿ ಯಾದಗಿರಿ ಸ್ಟೇಷನ್ನಿನಲ್ಲಿ ಇಳಿದು ಬರುತ್ತಿದ್ದರು. ಎಮ್ಮೆ ಎದುರಿಗೆ ಬಂದರೆ ಅವರು ರಸ್ತೆಯ ಆ ಬದಿಗೆ ಹೋಗುತ್ತಿದ್ದರು. ಸೇವೆ ಕಾಣದ ಆ ಜನ ಮಾತ್ರ ಕಾಲೇಜಿನ ಒಳಗೆ ಬಂದಿರಲಿಲ್ಲ. ಆಸ್ಪತ್ರೆಯ ವಿಭಾಗದಲ್ಲಿ ಮಂಚಗಳಿದ್ದವು, ಮಂಚದ ಮೇಲೆ ಯಾರೂ ಇರಲಿಲ್ಲ. ಅಮಾತೆಪ್ಪ ಪ್ಲಾಸ್ಟರಿನ ಅಸ್ಥಿಪಂಜರದ ಬೆನ್ನ ಮೇಲೆ ಕೈಯಾಡಿಸಿ ಪಾಠ ಹೇಳುತ್ತಿದ್ದ. ಪಂಜರಕ್ಕೆ ಜಾತಿ ಇರಲಿಲ್ಲ, ಅದು ಅವನನ್ನು ಯಾವ ಊರು, ಯಾರ ಪೈಕಿ ಎಂದು ಕೇಳಿರಲಿಲ್ಲ. ಅವನು ಡಾಕ್ಟರಿಕೆ ಮುಗಿಸಿ ಮೊದಲ ಸಲ ಯಾದಗಿರಿಯ ದವಾಖಾನೆಯೊಂದರಲ್ಲಿ ಕುಳಿತಾಗ, ಒಬ್ಬ ಮುದುಕ ಎದುರಿನ ಸ್ಟೂಲಿನ ಮೇಲೆ ಕುಳಿತು, ಪ್ರೀತಿಯಿಂದಲೇ ಊರು ಕೇಳಿ, ಕೇರಿ ಕೇಳಿ, ಆಮೇಲೆ ಎರಡೂ ಕೈ ಜೋಡಿಸಿ, "ಬರೇ ಗುಳಿಗಿ ಬರದು ಕೊಡ್ರಿ ಸಾಹೇಬ್ರ, ನಾಡಿ ಗೀಡಿ ಬ್ಯಾಡ್ರಿ," ಎಂದಿದ್ದ. ಬೈದಿದ್ದರೆ ಮರೆತುಹೋಗುತ್ತಿತ್ತೇನೋ. ಆ ಮುದುಕ ಬಹಳ ಮರ್ಯಾದೆಯಿಂದ ಹೇಳಿದ್ದ. ಆ ಮರ್ಯಾದೆ ಅವನ ಹತ್ತು ಬೆರಳುಗಳಲ್ಲಿ ಈಗಲೂ ಉಳಿದಿತ್ತು.

ಮಂಜು ಹರಿಯುವ ಹೊತ್ತಿಗೆ ಟ್ರ್ಯಾಕ್ಟರುಗಳು ಬಂದಿದ್ದವು. ಸುರಪುರದ ಕಡೆಯ ಹಳ್ಳಿಗಳಿಂದ ಜನರನ್ನು ತುಂಬಿ ತಂದವನು ಅಯ್ಯಣ್ಣ ಮೇಸ್ತ್ರಿ. ಕಾಲುವೆ ಅಗೆಯುವಾಗ ಸಾಹುಕಾರರಿಗೆ ಆಳು ಕೂಡಿಸಿಕೊಟ್ಟವನು ಅವನೇ, ಈಗ ರೋಗಿಗಳನ್ನು ಕೂಡಿಸಿಕೊಡುವವನೂ ಅವನೇ. ಕರಾರು ಸರಳವಾಗಿತ್ತು: ಹೊತ್ತು ಇಳಿಯುವತನಕ ಮಂಚದ ಮೇಲೆ ಮಲಗುವುದು, ಊಟ, ಕೂಲಿ. "ಆವಾಗ ಮಣ್ಣು ಹೊರಾಕ ತಂದಿದ್ದೆ ಸಾಹೇಬ್ರ, ಈಗ ಮಲಗಾಕ ತಂದೀನಿ," ಎಂದು ಅಯ್ಯಣ್ಣ ಬೆವರು ಒರೆಸಿಕೊಂಡ. "ಖರೇ ಹೇಳ್ತೀನಿ, ಹೊರಸೂದು ಸಸಾರ ಇತ್ತು. ಮಲಗಸೂದು ಬಲು ತಕಲೀಫ್ ಅದ ನೋಡ್ರಿ."

ತಕಲೀಫ್ ಏನೆಂದು ಅಮಾತೆಪ್ಪನಿಗೆ ವಾರ್ಡಿನ ಬಾಗಿಲಲ್ಲೇ ಕಂಡಿತು. ಹುಟ್ಟಿದಂದಿನಿಂದ ಹಗಲು ಮಲಗಿ ಗೊತ್ತಿಲ್ಲದ ಹೆಂಗಸರು ಮಂಚದ ಅಂಚಿನಲ್ಲಿ ಬಸ್ಸಿಗೆ ಕಾದವರಂತೆ ಕುಳಿತಿದ್ದರು. ಒಬ್ಬಳು ಪೊರಕೆ ಹುಡುಕಿ ವಾರ್ಡಿನ ಕಸ ಗುಡಿಸಿ ಮುಗಿಸಿದ್ದಳು. ಮಲ್ಲಾಬಾಯಿ ಎಂಬವಳು ಅಡುಗೆಮನೆಯಿಂದ ಅಕ್ಕಿಯ ಮೊರ ತರಿಸಿಕೊಂಡು, ಮಂಚದ ಮೇಲೆ ಕಾಲು ಮಡಚಿ ಕೂತು ಹರಳು ಆರಿಸುತ್ತಿದ್ದಳು. ಇನ್ನುಳಿದವರನ್ನು ಅಯ್ಯಣ್ಣ ಬೈದು ಮಲಗಿಸಿದರೆ, ಎಲ್ಲರೂ ಒಂದೇ ಸಲ ಎದ್ದು ತಿರುಗಿ, ದಿಂಬಿನ ಮೇಲೆ ಕಾಲಿಟ್ಟು ಮಲಗಿದರು. ಮಂಚಗಳ ತಲೆದೆಸೆ ಉತ್ತರಕ್ಕಿತ್ತು. ಉತ್ತರಕ್ಕೆ ತಲೆ ಹಾಕುವುದು ಹೆಣಕ್ಕೆ ಮಾತ್ರ. ಸಾಹುಕಾರರು ಕಟ್ಟಡವನ್ನು ಕಾಲುವೆಯ ಗೆರೆಗೆ ಸರಿಯಾಗಿ ಕಟ್ಟಿಸಿದ್ದರಿಂದ ಮಂಚ ತಿರುಗಿಸಲು ಜಾಗವಿರಲಿಲ್ಲ. ಹಾಗಾಗಿ ಆ ವಾರ್ಡಿಗೆ ಬಂದವರಿಗೆ ಮೊದಲು ಕಾಣುವುದು ಬಿಳಿಯ ದಿಂಬುಗಳ ಮೇಲೆ ಸಾಲಾಗಿ ಇಟ್ಟ, ಒಡೆದ ಹಿಮ್ಮಡಿಗಳಾದವು.

ಅದಕ್ಕೂ ದೊಡ್ಡ ತೊಡಕು ಆಮೇಲೆ ಬಂತು. ನಿವೃತ್ತರಾಗಿ ಮನೆಯಲ್ಲಿ ತುಳಸಿಗೆ ನೀರು ಹಾಕಿಕೊಂಡಿದ್ದವರು, ಸಾಹುಕಾರರು ಕರೆಸಿ ಕೂರಿಸಿದ ಪ್ರಾಂಶುಪಾಲ ಚಂದ್ರಾಮಪ್ಪನವರು ಅಮಾತೆಪ್ಪನಿಗೆ ಒಂದು ಕೆಲಸ ಹೇಳಿದ್ದರು: ಒಬ್ಬೊಬ್ಬರಿಗೂ ಒಂದೊಂದು ನೋವು ಹಂಚಿ ಬಾ. ಒಬ್ಬಳಿಗೆ ಸೊಂಟ, ಒಬ್ಬಳಿಗೆ ಮೊಣಕಾಲು, ಒಬ್ಬಳಿಗೆ ಕುತ್ತಿಗೆ. ಕೇಳಿದವರು ಕೇಳಿದಾಗ ಅಷ್ಟು ಹೇಳಿದರಾಯಿತು. ಮೊದಲ ಮಂಚದ ಮಲ್ಲಾಬಾಯಿ ಹರಳು ಆರಿಸುವುದನ್ನು ನಿಲ್ಲಿಸಿದಳು.

"ಮಲಗು ಅಂದ್ರ ಮಲಗ್ತೀವ್ರಿ ಡಾಕ್ಟರ್ ಸಾಹೇಬ್ರ. ಜಡ್ಡು ಮಾತ್ರ ಹೇಳಂಗಿಲ್ಲ."

"ಸುಮ್ಮನೆ ಬಾಯಿಮಾತಿಗೆ ಹೇಳಬೇಕು, ಅಷ್ಟೇ," ಎಂದ ಅಮಾತೆಪ್ಪ. ಇಂಥ ದಿನ ಅವನ ಬಾಯಲ್ಲಿ ಪುಸ್ತಕದ ಕನ್ನಡ ಬರುತ್ತಿತ್ತು.

"ಬಾಯಿಮಾತಿಲೆನ ಬರ್ತದ್ರಿ ಅದು. ಅಸ್ತು ದೇವತಿ ಮ್ಯಾಲ ಅಡ್ಡಾಡ್ತಿರ್ತಾಳ. ಇಲ್ಲದ ಜಡ್ಡು ಅದ ಅಂದ್ರ, ಅಸ್ತು ಅಂದುಬಿಡ್ತಾಳ. ಹೊತ್ತು ಮುಳುಗಿದ ಮ್ಯಾಲ ನೀವು ಮನಿಗಿ ಹೋಗ್ತೀರಿ, ಜಡ್ಡು ನಮ್ಮ ಕೂಡ ಟ್ಯಾಕ್ಟರ್ ಹತ್ತತದ."

ಅಯ್ಯಣ್ಣ ನಡುವೆ ಬಾಯಿ ಹಾಕಿದ: "ಏ ಮಲ್ಲಾಬಾಯಿ, ಮನಸಿನ್ಯಾಗ ನಮ್ಮ ದನಕ್ಕ ಅಂತ ತಿಳಕೊಂಡು ಬಾಯಾಗ ನನಗ ಅನ್ನು. ಏನಾಗ್ತದ?"

"ದನ ಏನು ಪಾಪ ಮಾಡ್ಯಾದಪಾ? ನಿನಗ ಅಂತ ತಿಳಕೊಂಡು ಹೇಳ್ಲೇನು?"

ವಾರ್ಡು ನಕ್ಕಿತು. ಅಯ್ಯಣ್ಣ ಕೆನ್ನೆ ಬಡಿದುಕೊಂಡು ಹಿಂದೆ ಸರಿದ. ಅಮಾತೆಪ್ಪನಿಗೂ ನಗು ಬರುವುದರಲ್ಲಿತ್ತು, ಅಷ್ಟರಲ್ಲಿ ಕೊನೆಯ ಮಂಚದಿಂದ ಒಂದು ದನಿ ಬಂತು: "ನನಗ ಅದ ನೋಡ್ರಿ ಖರೇನ. ನನ್ನ ನೋಡ್ರಿ ಮೊದಲ."

ಆ ದನಿ ಕೇಳಿದ್ದೇ ಅವನ ಮೈ ಹಳೆಯ ಲೆಕ್ಕದಂತೆ ಅರ್ಧ ಬಾಗಿತು. ಶೇಖಮ್ಮ ಗೌಡಸಾನಿ. ಅವನ ಊರಿನ ದೊಡ್ಡಮನೆಯವಳು. ಅವಳ ಹೊಲದಲ್ಲಿ ತಿಮ್ಮವ್ವ ಕಳೆ ಕೀಳುತ್ತಿದ್ದಳು, ಅವಳ ಬಾವಿಯ ಪಕ್ಕದಲ್ಲಿ ಅವನು ಬೊಗಸೆ ಒಡ್ಡಿ ನಿಲ್ಲುತ್ತಿದ್ದ, ಅವಳು ಮೇಲಿನಿಂದ ನೀರು ಸುರಿಯುತ್ತಿದ್ದಳು. ಅವಳ ಮುಖದಲ್ಲಿ ಕೆಡುಕು ಇರಲಿಲ್ಲ, ಅದೇ ಕಷ್ಟ. "ಹೊಟ್ಟಿ ತುಂಬ ಕುಡಿಯೋ ಕೂಸಾ," ಎನ್ನುತ್ತಿದ್ದಳು, ಕೊಡವನ್ನು ಮಾತ್ರ ಇನ್ನೂ ಸ್ವಲ್ಪ ಎತ್ತರಕ್ಕೆ ಎತ್ತುತ್ತಿದ್ದಳು. ಈಗ ಕೂದಲು ಬೆಳ್ಳಗಾಗಿತ್ತು, ಬಲಗೈ ಮಡಿಲಲ್ಲಿ ಬೇರೆಯವರದೆಂಬಂತೆ ಬಿದ್ದಿತ್ತು. ಕಾಲುವೆಯ ಕೊನೆಗೆ ಅವಳ ಹೊಲ. ಅಲ್ಲಿಗೆ ನೀರಿನ ಸುದ್ದಿ ಬರುತ್ತಿತ್ತೇ ಹೊರತು ನೀರು ಬರುತ್ತಿರಲಿಲ್ಲ.

"ನಾ ಕೂಲಿಗಿ ಬಂದಿಲ್ರಿ," ಎಂದಳು ಅವಳು. "ದವಾಖಾನಿಗಿ ಟ್ಯಾಕ್ಟರ್ ಹೊಂಟದ ಅಂದ್ರು, ಹತ್ತಿ ಬಂದೆ. ರಟ್ಟಿ ಏಳವಲ್ದು. ತುರುಬು ಕಟ್ಕೊಳ್ಳಾಕ ಬರವಲ್ದು. ಸೊಸಿ ಕಟ್ತಾಳ, ಕಟ್ಟಿದಾಗೊಮ್ಮಿ ಒಂದು ಹಳೇ ಜಗಳ ನೆನಸ್ಕೊಂಡು ಜಗ್ತಾಳ." ಹೇಳುತ್ತ ಹೇಳುತ್ತ ಅವಳು ಅವನ ಮುಖ ನೋಡತೊಡಗಿದ್ದಳು. ಕಣ್ಣು ಕಿರಿದು ಮಾಡಿದಳು. "ನಿಮ್ಮ ಮಾರಿ ಎಲ್ಲೋ ನೋಡಿದಂಗ ಆಗ್ತದಲ್ರಿ. ನಮ್ಮ ಹೊಲಕ್ಕ ಬರ್ತಿದ್ದ ತಿಮ್ಮವ್ವ ಅಂತ ಒಬ್ಬಾಕಿ... ನೀವು ತಿಮ್ಮವ್ವನ ಮಗ ಅಲ್ಲೇನು?"

ಹೌದು ಎಂದರೆ ಏನಾಗುತ್ತದೆಂದು ಅವನಿಗೆ ಒಂದೇ ಕ್ಷಣದಲ್ಲಿ ಪೂರ್ತಿ ಕಂಡಿತು: ಅವಳು ಸೆರಗು ಸರಿಪಡಿಸಿಕೊಂಡು ಎದ್ದು ನಿಲ್ಲುವುದು, ಏನೂ ಅನ್ನದೆ ಮರ್ಯಾದೆಯಿಂದ ಬಾಗಿಲಿಗೆ ನಡೆಯುವುದು, ಅವಳ ಹಿಂದೆ ಮತ್ತೊಬ್ಬಳು, ಮತ್ತೊಬ್ಬಳು, ದಿಂಬುಗಳ ಮೇಲೆ ಹಿಮ್ಮಡಿಯ ಗುರುತು ಮಾತ್ರ ಉಳಿಯುವುದು.

"ಅಲ್ಲ," ಎಂದ. "ನಾನು ಬೀದರ್ ಕಡೆಯವನು."

"ಹೌದೇನ್ರಿ," ಎಂದಳು ಶೇಖಮ್ಮ, ಸ್ವಲ್ಪ ನಿರಾಶೆಯಿಂದ. "ಆಕಿ ಮಾರಿ ಬೀದರದಾಗ ಹ್ಯಾಂಗ ಹುಟ್ತೋ ಯವ್ವಾ." ಅಮಾತೆಪ್ಪ ವಾರ್ಡಿನಿಂದ ಹೊರಗೆ ಬಂದ. ಅಲ್ಲಿಂದ ಭೀಮರಾಯನಗುಡಿಯ ನೀರಿನ ಟಾಕಿ ಕಾಣುತ್ತಿತ್ತು, ಟಾಕಿಯ ಕೆಳಗೆ ಸಾಲುಮನೆಗಳು. ಅವುಗಳಲ್ಲೊಂದರಲ್ಲಿ ಅವನು ಈಗತಾನೇ ಇಲ್ಲವಾಗಿಸಿದ ಹೆಂಗಸು ಅವನಿಗೆಂದು ಮಧ್ಯಾಹ್ನದ ಪುಂಡಿಪಲ್ಯ ಸೋಸುತ್ತಿರಬೇಕು. ಇಷ್ಟು ಸಲೀಸಾಗಿ ಬಾಯಿಂದ ಬಂತಲ್ಲ ಎಂದು ಅವನಿಗೆ ಅಂಜಿಕೆಯಾಯಿತು. ಬೀದರಿಗೆ ಅವನು ಹೋದದ್ದೇ ಇಲ್ಲ. ಸುಳ್ಳಿಗೆ ಒಂದು ಊರು ಬೇಕಾದಾಗ ಅದು ತಾನಾಗಿ ಕಾಲಿಗೆ ತೊಡರಿತ್ತು. ಅಸ್ತು ದೇವತೆ ಈ ಮಾತಿಗೂ ಅಸ್ತು ಅಂದುಬಿಟ್ಟಿದ್ದರೆ?

ತಪಾಸಣೆಯವರು ಇಬ್ಬರು ಬಂದರು. ದೇವರು ತಪಾಸಣೆಗೆ ಬರುವಾಗ ಹೇಳಿಕಳಿಸುವುದಿಲ್ಲ. ಇವರು ಹೇಳಿಕಳಿಸಿದ್ದರು, ಯಾವ ತರಹದ ಮೀನು ತಿನ್ನುತ್ತೇವೆಂಬುದನ್ನೂ ಸೇರಿಸಿ. ಹಿರಿಯರು ಮೈಸೂರು ಕಡೆಯಿಂದ ದಿಲ್ಲಿ ಸೇರಿದವರು, ಮೆತ್ತಗಿನ ಮನುಷ್ಯ. ಕಿರಿಯವರು ಮಾತಾಡಲೇ ಇಲ್ಲ, ಬರೆದುಕೊಂಡರು. ವಾರ್ಡಿನೊಳಗೆ ಬಂದ ಹಿರಿಯರು ದಿಂಬಿನ ಮೇಲಿನ ಪಾದಗಳನ್ನು ನೋಡಿ ನಿಂತರು. "ಇದೇನು, ಕಾಲು ದಿಂಬಿನ ಮೇಲೆ?" ಚಂದ್ರಾಮಪ್ಪನವರು ಬಿಳಿಯ ಕೋಟಿನ ಗುಂಡಿ ಹಾಕಿಕೊಳ್ಳುತ್ತ, "ರಕ್ತ ಹೃದಯದ ಕಡೆಗೆ ಹರಿಯಲಿ ಅಂತ ಸರ್. ನಮ್ಮ ಪದ್ಧತಿಯ ವಿಶೇಷ," ಎಂದರು. ಕಿರಿಯವರು ಬರೆದುಕೊಂಡರು.

ಹಿರಿಯರು ಮಲ್ಲಾಬಾಯಿಯ ಮಂಚದ ಬಳಿ ಬಾಗಿ ಬಹಳ ಅಕ್ಕರೆಯಿಂದ ಕೇಳಿದರು: "ಹೇಗಿದ್ದೀರಮ್ಮ?"

ಮನೆಗೆ ಬಂದ ಪರಊರಿನವರು ಹಾಗೆ ಕೇಳಿದಾಗ ಈ ಸೀಮೆಯಲ್ಲಿ ಒಂದೇ ಉತ್ತರ. ಹೊಟ್ಟೆಯಲ್ಲಿ ಬೆಂಕಿ ಬಿದ್ದಿರಲಿ, ಮನೆಯಲ್ಲಿ ಸಾವಾಗಿರಲಿ, ಬಾಯಿ ಬೇರೆಯದನ್ನು ಅರಿಯದು. ಮಲ್ಲಾಬಾಯಿ ಎದ್ದು ಕುಳಿತು ಸೆರಗು ಹೊದ್ದು ಹೇಳಿದಳು: "ಆರಾಮ ಅದೀನ್ರಿ. ನೀವು ಆರಾಮ ಅದೀರಿ? ಮನ್ಯಾಗೆಲ್ಲ ಆರಾಮ ಅದಾರ?"

ಎರಡನೆಯವಳನ್ನು ಕೇಳಿದರು. ಅವಳೂ ಆರಾಮ. ಮೂರನೆಯವಳು ತಾನು ಆರಾಮ ಇರುವುದಲ್ಲದೆ ತನ್ನ ಮೊಮ್ಮಗನೂ ಆರಾಮ ಇದ್ದಾನೆಂದಳು. ಮಂಚದಿಂದ ಮಂಚಕ್ಕೆ ಆರಾಮ ದೀಪದಿಂದ ದೀಪ ಹಚ್ಚಿದಂತೆ ಹೊತ್ತಿಕೊಂಡು ಹೋಯಿತು. ಅಯ್ಯಣ್ಣ ಬಾಗಿಲ ಹಿಂದೆ ರುಮಾಲಿನಲ್ಲಿ ಮುಖ ಮುಚ್ಚಿಕೊಂಡ. ಅಮಾತೆಪ್ಪನಿಗೆ ಮಾತ್ರ, ನಾಚಿಕೆಯಾಗುವಷ್ಟು, ಸಂತೋಷವಾಗತೊಡಗಿತ್ತು: ಮುಗಿಯಿತು, ಇನ್ನು ಕೈ ಇಡುವ ಪ್ರಸಂಗವೇ ಇಲ್ಲ. ಆಗ ಚಂದ್ರಾಮಪ್ಪನವರು, ತುಳಸಿಗೆ ನೀರು ಹಾಕುತ್ತ ಜೀವ ಸವೆಸಬೇಕಾಗಿದ್ದ ಮನುಷ್ಯ, ಎರಡೂ ಕೈ ಅಗಲಿಸಿ ಹೇಳಿದರು: "ನೋಡಿದಿರಲ್ಲ ಸರ್. ಬರುವಾಗ ಎಲ್ಲರನ್ನೂ ಹೊತ್ತು ತಂದಿದ್ದರು. ಇದು ನಮ್ಮ ಫಲಿತಾಂಶ."

ಹಿರಿಯರ ಕಣ್ಣುಗಳು ತೇವವಾದವು. ಇಷ್ಟೊಂದು ಗುಣಮುಖರಾದ ಬಡವರನ್ನು ಅವರು ಒಂದೇ ಕಡೆ ಕಂಡಿರಲಿಲ್ಲವಂತೆ. "ಇನ್ನೂ ಗುಣವಾಗದವರು ಯಾರಾದರೂ ಇದ್ದಾರೆಯೇ? ನಿಮ್ಮ ವಿಧಾನವನ್ನು ಕಣ್ಣಾರೆ ನೋಡಬೇಕು," ಎಂದರು.

"ನಾ ಅದೀನ್ರಿ," ಎಂದಳು ಕೊನೆಯ ಮಂಚದ ಶೇಖಮ್ಮ.

ಅವಳನ್ನು ಬೋರಲಾಗಿ ಮಲಗಿಸಿದರು. ಕುಪ್ಪಸದ ಮೇಲೆ ಬಿಳಿಯ ಬಟ್ಟೆ ಹೊದಿಸಿದರು. ಬಟ್ಟೆಯ ಕೆಳಗೆ ಬಲಭುಜ ಎಡಕ್ಕಿಂತ ಮೇಲೆದ್ದು, ಬಿಗಿದು, ಕಲ್ಲಿನಂತೆ ನಿಂತಿದ್ದು ಅಮಾತೆಪ್ಪನಿಗೆ ದೂರದಿಂದಲೇ ಓದುವಂತೆ ಕಂಡಿತು. ಎಲ್ಲಿ ಬೆರಳಿಡಬೇಕು, ಎಲ್ಲಿ ಕಾಯಬೇಕು, ಯಾವ ಕಡೆಗೆ ಬಿಡಬೇಕು, ಎಲ್ಲ ಗೊತ್ತಿತ್ತು. ವಿದ್ಯಾರ್ಥಿಗಳು ಕತ್ತು ಉದ್ದ ಮಾಡಿ ನಿಂತಿದ್ದರು. ಅವನು ಎರಡೂ ಕೈಗಳನ್ನು ಇಳಿಸಿದ. ಅವು ಇಳಿದು, ಇಳಿದು, ಬಟ್ಟೆ ತಾಗುವುದಕ್ಕೆ ಒಂದು ಬೆರಳಿನಷ್ಟು ಮೇಲೆ ನಿಂತುಬಿಟ್ಟವು. ಇವಳು ಬೀದರಿನವನೆದುರು ಬೆನ್ನು ಕೊಟ್ಟಿದ್ದಾಳೆ. ಈಗ ಮುಟ್ಟಿದರೆ ಅದು ಚಿಕಿತ್ಸೆಯಲ್ಲ, ಕಳವು. ಇಲ್ಲದ ಒಬ್ಬ ಮನುಷ್ಯನ ಹೆಸರಿನಲ್ಲಿ ಅವಳ ಮೈಗೆ ಕೈ ಹಾಕಿದಂತೆ. ಇದು ಅವನಿಗೆ ಹೊಳೆದ ಒಳ್ಳೆಯ ಕಾರಣ. ಅದರ ಕೆಳಗೆ ಬೇರೊಂದು ಇತ್ತು. ಮುಟ್ಟಿದ ಕ್ಷಣ ಅವಳ ಚರ್ಮಕ್ಕೆ ಗೊತ್ತಾಗಿಬಿಡುತ್ತದೆ, ಚರ್ಮಕ್ಕೆ ಹೆಸರು ಬೇಕಿಲ್ಲ, ಅದು ತಾನಾಗಿ ಸರಿಯುತ್ತದೆ, ಆ ಸರಿಯುವಿಕೆಯನ್ನು ಇಷ್ಟು ಜನರ ನಡುವೆ ಅಂಗೈಯಲ್ಲಿ ಹಿಡಿದು ಅವನು ನಿಲ್ಲಬೇಕಾಗುತ್ತದೆ. ಕೈಗಳು ತಡೆದು ನಿಂತದ್ದನ್ನು ಮುಚ್ಚಲು ಅವನು ಅವುಗಳನ್ನು ಮೆಲ್ಲಗೆ ಅತ್ತಿಂದಿತ್ತ ಆಡಿಸಿದ.

"ಸೂಕ್ಷ್ಮ ಸ್ಪರ್ಶ," ಎಂದರು ಚಂದ್ರಾಮಪ್ಪನವರು ಪಿಸುದನಿಯಲ್ಲಿ.

ಹಿರಿಯರು ಕಣ್ಣು ಮುಚ್ಚಿದರು. "ನನಗೇ ಇಲ್ಲಿಯವರೆಗೆ ಒಂದು ಶಾಖ ಬರುತ್ತಿದೆ," ಎಂದರು.

"ನನಗೇನೂ ತಿಳಿಯವಲ್ದಲ್ರೀ," ಎಂದಳು ಶೇಖಮ್ಮ, ಹಾಸಿಗೆಗೆ ಒತ್ತಿದ ಬಾಯಿಂದ.

"ಅದೇ ವಿಶೇಷ ಸರ್. ರೋಗಿಗೆ ಗೊತ್ತೇ ಆಗುವುದಿಲ್ಲ."

ಕಿರಿಯವರು ಬರೆದುಕೊಂಡರು. ವಿದ್ಯಾರ್ಥಿಯೊಬ್ಬ ಚಪ್ಪಾಳೆ ತಟ್ಟಿದ, ಉಳಿದವರೂ ತಟ್ಟಿದರು. ಬೇರೆ ಮಂಚಗಳ ಹೆಂಗಸರು, ಏನೋ ಮಂಗಳಾರತಿ ಆಗಿರಬೇಕೆಂದು, ಮಲಗಿದಲ್ಲಿಂದಲೇ ಕೈ ಮುಗಿದರು.

ಊಟವಾದ ಮೇಲೆ ಸಭೆ. ಹಿರಿಯರು ಕಾಲೇಜನ್ನು ನಾಡಿಗೆ ಮಾದರಿ ಎಂದರು. ಸಾಹುಕಾರರು ಅಮಾತೆಪ್ಪನಿಗೆ ಶಾಲು ಹೊದಿಸಿ, ಕಿವಿಯ ಹತ್ತಿರ ಬಾಗಿ, "ಭಲೇ ಮಗನ. ಕಾಲುವಿ ಒಡದ್ರ ನಾ ನಾಕು ಚೀಲ ಸಿಮೆಂಟರೆ ಹಾಕ್ತಿದ್ದೆ. ನೀ ಬರೇ ಗಾಳಿ ಹಾಕಿ ಮುಚ್ಚಿಬಿಟ್ಟಿ. ನಾಳಿಂದ ನೀ ಕಾಯಂ," ಎಂದರು. ಎಲ್ಲರ ಎದುರಿಗೆ ಅವನ ಹೆಗಲ ಮೇಲೆ ಕೈ ಹಾಕಿ ಫೋಟೊ ತೆಗೆಸಿಕೊಂಡರು. ಅಮಾತೆಪ್ಪ ನೋಡಿದ, ಸಾಹುಕಾರರ ಕೈ ಮತ್ತು ಅವನ ಹೆಗಲಿನ ನಡುವೆ ಶಾಲು ಮಡಿಕೆ ಮಡಿಕೆಯಾಗಿ ಸಾಕಷ್ಟು ದಪ್ಪವಾಗಿತ್ತು. ಅವನು ನಕ್ಕ. ಕಾಯಂ ಎಂಬ ಮಾತಿಗೆ ಇಷ್ಟು ದಿನ ಕಾದಿದ್ದ, ಬಂದಾಗ ಅದು ಊಟದ ನಂತರದ ತೇಗಿನಂತೆ ಬಂದು ಹೋಯಿತು. ಎಂದೂ ಮುಟ್ಟದ ಕೈಗೆ ಕಾಯಂ ಆಯಿತು ನೌಕರಿ.

ಕಾರುಗಳು ಹೋದ ಧೂಳು ಇಳಿಯುವ ಮುಂಚೆಯೇ ಆಸ್ಪತ್ರೆ ಬಿಚ್ಚತೊಡಗಿತು. ಚಾದರ, ದಿಂಬು, ಸ್ಟ್ಯಾಂಡು ಎಲ್ಲ ಶಹಾಪುರದ ಶಾಮಿಯಾನದ ಅಂಗಡಿಯಿಂದ ಬಾಡಿಗೆಗೆ ತಂದವು. ಆಳುಗಳು ಸುತ್ತಿ ಗಾಡಿಗೆ ಹಾಕುತ್ತಿದ್ದರು. ಹೆಂಗಸರು ಟ್ರ್ಯಾಕ್ಟರ್ ಹತ್ತಿ, ಮಲಗಿ ಮಲಗಿ ಮೈ ನೊಂದಿತೆಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ಅಮಾತೆಪ್ಪ ಕೋಟು ಬಿಡಲು ವಾರ್ಡಿಗೆ ಬಂದಾಗ ಕೊನೆಯ ಮಂಚದ ಬರಿಯ ಕಬ್ಬಿಣದ ಪಟ್ಟಿಗಳ ಮೇಲೆ ಶೇಖಮ್ಮ ಕುಳಿತಿದ್ದಳು. ಎದುರಿಗೆ ಅಯ್ಯಣ್ಣ ಕೈ ಜೋಡಿಸಿ ನಿಂತಿದ್ದ.

"ಏಳ್ರಿ ಗೌಡಸಾನಿ, ಟ್ಯಾಕ್ಟರ್ ನಿಂತದ. ಎಲ್ಲಾ ಮುಗೀತ್ರಿ."

"ನಿಮ್ದು ಮುಗೀತಪಾ. ನನ್ನ ಪಾಳಿ ಇನ್ನಾ ಬಂದಿಲ್ಲ."

"ನಿಮಗ ಅಲ್ಲೇನ್ರಿ ಎಲ್ಲಾರ ಮುಂದ ನೋಡಿದ್ದು?"

"ನೋಡಿದ್ರು. ನೊಣ ಹೊಡದಂಗ ಮಾಡಿದ್ರು. ನನಗ ಕಣ್ಣಿಲ್ಲೇನು, ಬೆನ್ನಿಲ್ಲೇನು?"

ಅಮಾತೆಪ್ಪ ಅಯ್ಯಣ್ಣನಿಗೆ ಹೊರಗೆ ಹೋಗಲು ಸನ್ನೆ ಮಾಡಿದ. ಶೇಖಮ್ಮನಿಗೆ ನಾಳೆ ಬನ್ನಿ ಎಂದುಬಿಡಬಹುದಿತ್ತು. ಬೀದರಿನವನು ಹಾಗೇ ಅನ್ನುತ್ತಿದ್ದ. ಅವಳು ಕಾಯುತ್ತಿದ್ದಳು, ದನ ಕಟ್ಟುವವರೆಗೂ ಹಟ್ಟಿಯಲ್ಲಿ ನಿಲ್ಲುವ ಹೆಂಗಸಿನ ತಾಳ್ಮೆಯಿಂದ. ಅವನು ಹೆಗಲಿನ ಶಾಲು ತೆಗೆದು ಕಬ್ಬಿಣದ ಪಟ್ಟಿಗಳ ಮೇಲೆ ಹಾಸಿದ. ಆಮೇಲೆ ಅವಳ ಮುಖ ನೋಡುತ್ತ, ತಾಯಿಯ ಜೊತೆ ಮಾತಾಡುವ ಕನ್ನಡದಲ್ಲಿ ಹೇಳಿದ: "ನಾ ಬೀದರದಂವ ಅಲ್ರಿ. ನಾ ತಿಮ್ಮವ್ವನ ಮಗ."

ಶೇಖಮ್ಮ ಶಾಲಿನ ಅಂಚು ನೋಡಿದಳು, ಅವನನ್ನು ನೋಡಿದಳು. "ಮತ್ತ ಮುಂಜಾನಿ ಯಾಕ ಅಲ್ಲ ಅಂದಿ?"

"ಅಂಜಿಕಿ ಆತ್ರಿ. ನೀವು ಎದ್ದು ಹೋಗ್ತೀರಂತ."

ಹೋಗುತ್ತಿರಲಿಲ್ಲ ಎಂದು ಅವಳು ಹೇಳಬಹುದಿತ್ತು. ಆ ದಿನ ಆ ಕಟ್ಟಡದಲ್ಲಿ ಅಂಥ ಸುಳ್ಳುಮಾತು ಬಹಳ ಖರ್ಚಾಗಿತ್ತು, ಇನ್ನೊಂದು ಸೇರಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. "ಹೋಗ್ತಿದ್ದೆ," ಎಂದಳು. "ಮುಂಜಾನಿ ಆಗಿದ್ರ ಹೋಗ್ತಿದ್ದೆ. ಈಗ ದಿನಾ ಪೂರ್ತಿ ಕುಂತು ಕುಂತು ನೋವು ಹೆಚ್ಚಾಗ್ಯಾದ." ಶಾಲಿನ ಅಂಚನ್ನು ಎಡಗೈಯಿಂದ ಸವರುತ್ತ ಕೇಳಿದಳು: "ಇದ್ದಾಳೇನು ನಿಮ್ಮವ್ವ?"

"ಇದ್ದಾಳ್ರಿ. ಇಲ್ಲೇ ಕ್ಯಾಂಪಿನ್ಯಾಗ, ನನ್ನ ಕೂಡ."

"ಇದ್ದಾಕಿನ್ನ ಇಲ್ಲ ಅನ್ನಬಾರದು." ಆಮೇಲೆ, ಮಾರುಕಟ್ಟೆಯಲ್ಲಿ ಮೊದಲೇ ಮಾತು ಮುಗಿಸಿಕೊಳ್ಳುವವಳಂತೆ: "ನೋಡು, ಮೊದಲ ಹೇಳಿಬಿಡ್ತೀನಿ, ಹಿಂದ ನೀ ಅನ್ನಬಾರದು. ನಾ ಮನಿಗಿ ಹೋಗಿ ಜಳಕ ಮಾಡ್ತೀನಿ. ನಮ್ಮತ್ತಿ ಕಲಿಸಿದ್ದು, ಈ ವಯಸ್ಸಿನ್ಯಾಗ ಬಿಡಂಗಿಲ್ಲ."

ಇಷ್ಟು ವರ್ಷ ಯಾವುದಕ್ಕೆ ಅಂಜಿದ್ದನೋ ಆ ಮಾತು ಕೊನೆಗೆ ಬಂದಿತ್ತು. ಬಂದದ್ದು ಅವನು ತಿಳಿದುಕೊಂಡಿದ್ದಕ್ಕಿಂತ ಸಣ್ಣದಾಗಿತ್ತು, ಅಕ್ಕಿಯಿಂದ ಆರಿಸಿ ಮೊರದ ಅಂಚಿಗೆ ಇಟ್ಟ ಹರಳಿನಂತೆ. ನೋಯಲಿಲ್ಲವೆಂದಲ್ಲ. ಆದರೆ ಚಂದ್ರಾಮಪ್ಪನವರ ಸೂಕ್ಷ್ಮ ಸ್ಪರ್ಶಕ್ಕಿಂತ, ಸಾಹುಕಾರರ ಮಡಿಕೆಯ ಶಾಲಿಗಿಂತ, ಇದರ ಮೇಲೆ ಕಾಲೂರಿ ನಿಲ್ಲಬಹುದಿತ್ತು.

"ಮಾಡ್ರಿ," ಎಂದ. "ನಾನೂ ಕೈ ತೊಳಕೊಂತೀನಿ. ನಮ್ಮ ವಿದ್ಯಾದಾಗ ಯಾರನ್ನ ಮುಟ್ಟಿದ್ರೂ ತೊಳಕೋಬೇಕು."

"ನನ್ನ ಮುಟ್ಟಿ?"

"ನಿಮ್ಮನ್ನ ಮುಟ್ಟಿನೂ."

ಶೇಖಮ್ಮ ಅವನ ಕೈಗಳನ್ನು ನೋಡಿದಳು. ತನ್ನನ್ನು ಮುಟ್ಟಿ ಯಾರಾದರೂ ಕೈ ತೊಳೆದುಕೊಳ್ಳಬಹುದೆಂದು ಆ ದೊಡ್ಡಮನೆಯಲ್ಲಿ ಅವಳಿಗೆ ಯಾರೂ ಹೇಳಿರಲಿಲ್ಲ. ಸಿಟ್ಟು ಬರಬೇಕೋ ಬೇಡವೋ ಎಂದು ಮುಖ ಒಂದಷ್ಟು ಹೊತ್ತು ತೂಗಾಡಿ, ನಗುವಿನ ಕಡೆಗೆ ಬಾಗಿತು. "ಭಾರಿ ಆದಿ ಬಿಡು," ಎಂದು ಅವಳು ಎಡಗೈಯಿಂದ ಬಲಗೈಯನ್ನು ಎತ್ತಿಕೊಂಡು, ಶಾಲಿನ ಮೇಲೆ ಅವನಿಗೆ ಬೆನ್ನು ಮಾಡಿ ಕುಳಿತಳು.

ಅವನು ಬಲಗೈಯನ್ನು ಭುಜದೆಲುಬಿನ ಕೆಳಗೆ ಇಟ್ಟ. ಬೆನ್ನು ಸರಿಯಿತು. ಅವನು ಹೆದರಿದ್ದಂತೆಯೇ, ಚರ್ಮ ತಾನಾಗಿ ಮುಂದಕ್ಕೆ ಓಡಿತು. ತಣ್ಣನೆಯ ಕೈಗೋ, ಅತ್ತೆ ಕಲಿಸಿದ್ದಕ್ಕೋ, ಕೇಳಿದರೆ ಅವಳಿಗೂ ಗೊತ್ತಿರಲಿಕ್ಕಿಲ್ಲ. ಅವನು ಕೈ ತೆಗೆಯಲಿಲ್ಲ. ಒತ್ತಲೂ ಇಲ್ಲ. ಓಡಿಹೋದದ್ದು ಉಸಿರಾಡಿ, ಅಂಜಿ, ಬೇಸತ್ತು, ಬೇರೆ ದಾರಿ ಕಾಣದೆ ತಿರುಗಿ ಅಂಗೈಗೆ ಬಂದು ಆನುವವರೆಗೆ ಕಾದ.

"ಇಲ್ಲೇನ್ರಿ?"

"ಅಲ್ಲ. ಜರಾ ಕೆಳಗ."

"ಇಲ್ಲಿ?"

"ಯವ್ವಾ... ಹಾಂ. ಅಲ್ಲೇ ನೋಡು."

"ಒಂದು ಸಲಕ್ಕ ಹೋಗಂಗಿಲ್ಲರಿ ಇದು. ವಾರಕ್ಕೊಮ್ಮಿ ನೋಡಬೇಕು."

"ಹ್ಯಾಂಗ ಬರ್ಲಿ? ಟ್ಯಾಕ್ಟರ್ ತಪಾಸಣಿ ಇದ್ರ ಅಷ್ಟ ಬರ್ತದ. ಮತ್ತ ಯಾವಾಗದ ತಪಾಸಣಿ?"

"ಗೊತ್ತಿಲ್ರಿ. ನಾನ ಬರ್ತೀನಿ ಊರಿಗಿ."

"ಮನಿಗೇನು?"

"ಮನಿಗಿ."

ಕೈಯ ಕೆಳಗಿನ ಎಲುಬು ಯೋಚಿಸುವುದು ಅವನಿಗೆ ತಿಳಿಯುತ್ತಿತ್ತು. "ಪಡಸಾಲ್ಯಾಗ ಗಾಳಿ ಬರಂಗಿಲ್ಲ," ಎಂದಳು ಕೊನೆಗೆ. "ಕಟ್ಟಿ ಮ್ಯಾಲ ಖುರ್ಚಿ ಹಾಕಸ್ತೀನಿ." ಅಷ್ಟಕ್ಕೆ ನಿಲ್ಲಿಸಿದಳು. ಒಳಗೆ ಕರೆಯುವಳೋ ಇಲ್ಲವೋ ಎಂಬ ಮುಂದಿನ ಮಾತನ್ನು ಅವನು ಅವಳ ಪರವಾಗಿ ಪೂರ್ತಿ ಮಾಡಲಿಲ್ಲ.

ಹೊರಗೆ ಟ್ರ್ಯಾಕ್ಟರಿನ ಹಾರನ್ನು ಕೂಗಿತು, ಅಯ್ಯಣ್ಣ ಕೂಗಿದ, ಮತ್ತೆ ಹಾರನ್ನು. "ಕೂಗ್ಲಿ ತಗೋ," ಎಂದಳು ಶೇಖಮ್ಮ, ತಲೆಯನ್ನು ಸ್ವಲ್ಪ ಮುಂದಕ್ಕೆ ಬಾಗಿಸುತ್ತ. ಅಮಾತೆಪ್ಪ ಇನ್ನೊಂದು ಕೈಯನ್ನೂ ಇಟ್ಟ.